ಒಂದೇ ಸಾಮಾನಿಗೆ ಕಾರ್ಡ್ ಬಿಲ್ಲಿನಲ್ಲಿ ಎರಡು ಸಲ ಹಣ: ಎಂತ ಮಾಡುವುದು?

ಪ್ರಶ್ನೆ (ಮಂಗಳೂರು): ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ 18,400 ರೂಪಾಯಿಯ ವಾಷಿಂಗ್ ಮೆಷಿನ್ ತಗೊಂಡೆ. ಮೊದಲ ಸ್ವೈಪ್ 'ಡಿಕ್ಲೈನ್' ಅಂತ ತೋರಿಸಿತು, ಎರಡನೆಯದಕ್ಕೆ ಚೀಟಿ ಬಂತು. ಈಗ ಸ್ಟೇಟ್‌ಮೆಂಟಿನಲ್ಲಿ ಎರಡೂ ಉಂಟು. ಬ್ಯಾಂಕಿನ ಕಸ್ಟಮರ್ ಕೇರ್‌ನವರು ಅಂಗಡಿಯಲ್ಲಿ ಕೇಳಿ ಅಂತಾರೆ, ಅಂಗಡಿಯವರು ನಮಗೆ ಬಂದದ್ದು ಒಂದೇ ಅಂತಾರೆ. ಬಿಲ್ ಕಟ್ಟುವ ಕೊನೇ ದಿನ ಹತ್ತಿರ ಬಂತು.

ಉತ್ತರ 1: 'ಪೆಂಡಿಂಗ್' ಅಂತ ಮಾತ್ರ ಇದ್ದಿದ್ದರೆ ಕೆಲವು ದಿನಗಳಲ್ಲಿ ತಾನಾಗಿ ಬಿಟ್ಟುಹೋಗುತ್ತಿತ್ತು. ಸ್ಟೇಟ್‌ಮೆಂಟಿಗೇ ಬಂದಿದೆ ಎಂದರೆ ಅಂಗಡಿಯ ಬ್ಯಾಂಕು ಆ ಹಣ ಕೇಳಿ ಪಡೆದಿದೆ, ಇನ್ನು ತಾನಾಗಿ ಬರುತ್ತದೆ ಅಂತ ಕಾಯಬೇಡಿ, ನಿಮ್ಮ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ (ಈ ವ್ಯವಹಾರದ ಬಗ್ಗೆ ತಕರಾರು) ಹಾಕಿ. ಅಂಗಡಿಯವರಿಂದ ಆ ದಿನದ ಸೆಟಲ್‌ಮೆಂಟ್ ರಿಪೋರ್ಟ್ (ಕಾರ್ಡ್ ಮೆಷಿನಿನ ದಿನದ ಲೆಕ್ಕ) ಕೇಳಿ. ಮಂಜೂರಾದ ಪ್ರತಿ ಸ್ವೈಪಿಗೂ ಬೇರೆ ಅಪ್ರೂವಲ್ ಕೋಡ್ ಇರುತ್ತದೆ, ಎರಡು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಲೆಟರ್‌ಹೆಡ್‌ನಲ್ಲಿ ದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮಾರಾಟ ಒಂದೇ ಎಂಬ ಮಾತು ಬರೆಸಿ ಸೀಲ್ ಹಾಕಿಸಿಕೊಳ್ಳಿ.

ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮಿನಲ್ಲಿ ದಯವಿಟ್ಟು 'ಫ್ರಾಡ್' ಆರಿಸಬೇಡಿ. 'ಡುಪ್ಲಿಕೇಟ್ ಬಿಲ್ಲಿಂಗ್' ಆರಿಸಿ. ಫ್ರಾಡ್ ಎಂದರೆ ಕಾರ್ಡ್ ಬ್ಲಾಕ್ ಆಗುತ್ತದೆ. ಆಮೇಲೆ ಪಿನ್ ಒತ್ತಿದ್ದು ನೀವೇ ಎಂಬ ಕಾರಣಕ್ಕೆ ದೂರೇ ತಿರಸ್ಕಾರ. ಎಷ್ಟೋ ನ್ಯಾಯವಾದ ದೂರುಗಳು ಬೀಳುವುದು ಇಲ್ಲಿಯೇ. ಫೋನಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲೂ ಹಾಕಿ, ದೂರಿನ ನಂಬರ್ ಪಡೆಯಿರಿ.

ಉತ್ತರ 2 (ಉಡುಪಿ): ಬಿಲ್ಲಿನ ವಿಷಯ. ಡಿಸ್ಪ್ಯೂಟ್ ಮುಗಿಯುವವರೆಗೆ ಚಾರ್ಜ್ ಹಾಕಬಾರದು ಎಂಬ ಆರ್‌ಬಿಐ ನಿಯಮ ಇರುವುದು ಫ್ರಾಡ್ ಎಂದು ದೂರಿದ ವ್ಯವಹಾರಕ್ಕೆ. ನಿಮ್ಮದಕ್ಕೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ತಕರಾರಿನ 18,400 ತಡೆಹಿಡಿಯಿರಿ ಎಂದು ಲಿಖಿತವಾಗಿ ಕೇಳಿ. ಲಿಖಿತ ಒಪ್ಪಿಗೆ ಬಾರದಿದ್ದರೆ, ಕೈಯಲ್ಲಿ ಹಣ ಇದ್ದರೆ, ಪೂರ್ತಿ ಕಟ್ಟಿಬಿಡುವುದೇ ಒಳ್ಳೆಯದು. ಗೆದ್ದರೆ ಕಾರ್ಡ್ ಖಾತೆಗೆ ಜಮೆ ಆಗುತ್ತದೆ. ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕನಿಷ್ಠ ಕಟ್ಟಬೇಕಾದ ಮೊತ್ತ) ಮಾತ್ರ ಕಟ್ಟಿದರೆ ಲೇಟ್ ಫೀ ಮಾತ್ರ ತಪ್ಪುತ್ತದೆ. ಉಳಿದದ್ದಕ್ಕೆ ಬಡ್ಡಿ, ಬಡ್ಡಿಯ ಮೇಲೆ 18% ಜಿಎಸ್‌ಟಿ, ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ.

ಪ್ರಶ್ನೆ ಕೇಳಿದವರು: ಅಂಗಡಿಯವರು ಪತ್ರ ಕೊಡದಿದ್ದರೆ?

ಉತ್ತರ 1: ಪತ್ರ ಇಲ್ಲದೆಯೂ ಚಾರ್ಜ್‌ಬ್ಯಾಕ್ (ನಿಮ್ಮ ಬ್ಯಾಂಕು ಅಂಗಡಿಯ ಬ್ಯಾಂಕಿನಿಂದ ಹಣ ವಾಪಸ್ ಕೇಳುವುದು) ಹಾಕಬಹುದು, ನಿಮ್ಮ ಒಂದು ಬಿಲ್, ಒಂದು ಚೀಟಿ ಸಾಕು. ಎರಡು ಬೇರೆ ಬೇರೆ ಮಾರಾಟ ಆಗಿತ್ತು ಅಂತ ತೋರಿಸಬೇಕಾದ್ದು ಅಂಗಡಿಯ ಬ್ಯಾಂಕು. ಆದರೆ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಗಡುವು ಉಂಟು, ಮೂರು ತಿಂಗಳು ಎಳೆಯಬೇಡಿ. ನಡುವೆ ಬರುವ ತಾತ್ಕಾಲಿಕ ಜಮೆಯನ್ನು ನಂಬಿ ಸುಮ್ಮನಾಗಬೇಡಿ, ಅಂಗಡಿ ಕಡೆಯವರು ಎದುರು ವಾದ ಹಾಕಿದರೆ ಅದು ವಾಪಸ್ ಹೋಗುತ್ತದೆ.

ಉತ್ತರ 3: ದೂರು ಕೊಟ್ಟ 30 ದಿನದೊಳಗೆ ಬ್ಯಾಂಕು ದಾಖಲೆ ಸಮೇತ ವಿವರಣೆ ಕೊಡಬೇಕು. ಕೊಡದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಬಹುದು, ಆರ್‌ಬಿಐಯ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ, ಶುಲ್ಕ ಇಲ್ಲ. ಸಹಾಯವಾಣಿ 14448. ಬ್ಯಾಂಕಿಗೆ ಮೊದಲು ಬರೆಯದೆ ಅಲ್ಲಿಗೆ ಹೋದರೆ ದೂರು ತೆಗೆದುಕೊಳ್ಳುವುದಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಊರಿನಲ್ಲೇ, ಅಂದರೆ ಮಂಗಳೂರಿನಲ್ಲೇ, ಹಾಕಬಹುದು. ಎರಡೂ ಕಡೆ ಒಟ್ಟಿಗೆ ಹಾಕಬೇಡಿ, ಆಯೋಗದಲ್ಲಿ ಕೇಸ್ ಇದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ.