ನಿನ್ನೆ ರಾತ್ರಿ ಚರಂಡಿ ಮೇಲಿನ ಚಪ್ಪಡಿ ಹತ್ರ ನಡೆದ ಜಗಳ

ಮೂಲೆಮನೆ, ಬೆಳಿಗ್ಗೆ 6:10
ಎರಡು ಗಂಟೆಗೆ ಎದ್ದರೆ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಹೊರಗೆ ಬಂದರೆ ಗೇಟ್‌ಮನೆ, ಮಹಡಿಮನೆಯ ಇಬ್ಬರು ಯಜಮಾನರು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒಂದೇ ಹಾರೆ ಹಿಡಿದು ಎಳೆದಾಡುತ್ತಿದ್ದರು! ನಮ್ಮ ಮಗು ಹೆದರಿ ಬೆಳಗಿನವರೆಗೂ ಮಲಗಲಿಲ್ಲ. ಆರಿದ್ರೆ ಮಳೆ ಇನ್ನೂ ಬಾಕಿ ಇದೆ. ಇವತ್ತೇ ಇತ್ಯರ್ಥ ಆಗಬೇಕು.

ಗೇಟ್‌ಮನೆ, 6:24
ಚಪ್ಪಡಿ ನನ್ನದೇ. ಅಪ್ಪನಿಗೆ ನಡೆಯಲು ಆಗಲ್ಲ, ಆಟೋ ಬಾಗಿಲಿಗೇ ಬರಬೇಕು. ಆದರೆ ಅದರಡಿ ಸಿಕ್ಕಿಕೊಂಡ ತೆಂಗಿನ ಗರಿ ಯಾರದ್ದು?

ಮಹಡಿಮನೆ, 6:31
ಗರಿ ಮೇಲೆ ನಮ್ಮ ಹೆಸರಿದೆಯಾ?

ಮಹಡಿಮನೆ, 6:32
ಹೋದ ಮಳೆಗಾಲದಲ್ಲೂ ಹೇಳಿದ್ದೆ. ಪೊಲೀಸ್ ಕಂಪ್ಲೇಂಟೇ ಸರಿ.

ಮಹಡಿಮನೆ, 6:33
ಯಾರು ಸಾಕ್ಷಿ ಹೇಳ್ತೀರಿ?

ಎದುರುಮನೆ, 6:40
ಶುಭೋದಯ 🌹 ನಗುನಗುತ್ತಾ ಬಾಳೋಣ

ಹಿಂದಿನಮನೆ, 6:44
ಮೇಲಿನ ಬೀದಿ ನೀರೂ ಬಂದು ಸೇರಿದರೆ ನಮ್ಮ ಮನೆ ಮುಂದೇನೇ ತುಂಗೆ-ಭದ್ರೆ ಸೇರೋ ಕೂಡ್ಲಿ ಮಾರಾಯ್ರೆ 😄

ಮೂಲೆಮನೆ, 6:45
ನಗು ಬರ್ತಿಲ್ಲ ಅಣ್ಣ. ಅಕ್ಕಿ ಮೂಟೆ ನೆನೆದಿದೆ.

ಮೇಷ್ಟ್ರು, 7:05
ಕಂಪ್ಲೇಂಟ್ ಕೊಟ್ಟರೆ ನೀರು ಇಳಿಯಲ್ಲ. ಸಂಜೆ ಐದಕ್ಕೆ ನಮ್ಮ ಜಗಲಿಗೆ ಇಬ್ಬರೂ ಬನ್ನಿ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕೋದು ಬೇಡ. ತಪ್ಪು ಯಾರದು ಅನ್ನೋದು ಆಮೇಲಿರಲಿ, ಏನು ಬೇಕು ಅಂತ ಮೊದಲು ಹೇಳಿ. ಒಬ್ಬರಿಗೆ ಆಟೋ ಬರಬೇಕು, ಒಬ್ಬರಿಗೆ ನೀರು ಹೋಗಬೇಕು. ಎತ್ತಿಡಲು ಬರುವ ಕಬ್ಬಿಣದ ಜಾಲರಿ ಹಾಕಿದರೆ ಎರಡೂ ಆಗುತ್ತೆ, ಅಲ್ವಾ? ಜಗಲಿಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾನೇ ಅರ್ಜಿ ಬರೆದುಕೊಡ್ತೀನಿ. ಕೇಸ್ ಹಾಕುವ ಮುಂಚೆಯೇ ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಹೋಗಬಹುದು. ಕೋರ್ಟ್ ಶುಲ್ಕ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅದು ಡಿಕ್ರಿ, ಅಂದ್ರೆ ಕೋರ್ಟ್ ತೀರ್ಪು ಇದ್ದ ಹಾಗೆ, ಅಪೀಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ.

ಮಹಡಿಮನೆ, 7:09
ಮೇಷ್ಟ್ರೇ, ನೀವು ಯಾವಾಗ್ಲೂ ಅವರ ಕಡೆ. ಗಣಪತಿ ಲೆಕ್ಕದಲ್ಲೂ ಹಾಗೇ ಮಾಡಿದ್ರಿ.

ಎದುರುಮನೆ, 7:12
ಲೆಕ್ಕದ ಪುಸ್ತಕ ನಮ್ಮನೇಲಿದೆ. ಬಂದು ನೋಡಿ, ಸುಮ್ನೆ ಮಾತಾಡಬೇಡಿ.

ಮಹಡಿಮನೆ, 7:13
ಪೆಂಡಾಲಿನ ರಸೀದಿ ಎಲ್ಲಿ?

ಹಿಂದಿನಮನೆ, 7:20
ಅದಿರಲಿ, ತಿರುವಿನ ಬೀದಿದೀಪ ಹೋಗಿ ಎಷ್ಟು ದಿನ ಆಯ್ತು? ರಾತ್ರಿ ಕತ್ತಲೆಗೇ ಇಷ್ಟು ಜಗಳ ಆಗಿದ್ದು.

ಎದುರುಮನೆ, 7:21
ಹೌದು ಹೌದು. ಮೊದಲು ಅದಾಗಲಿ.

ಗೇಟ್‌ಮನೆ, 7:34
ಮೇಷ್ಟ್ರೇ, ಐದಕ್ಕೆ ಬರ್ತೀನಿ. ಅಪ್ಪನನ್ನೂ ಕರ್ಕೊಂಡು ಬರಲಾ?

ಮೂಲೆಮನೆ, 7:40
ಮಹಡಿಮನೆ ಅಣ್ಣ, ನೀವೂ ಬನ್ನಿ. ದಯವಿಟ್ಟು. ನಾನಿನ್ನೂ ಬಕೆಟ್‌ನಲ್ಲಿ ನೀರು ಎತ್ತಿ ಹಾಕ್ತಾ ಇದ್ದೀನಿ.

ಮಹಡಿಮನೆ, 7:58
ದೀಪದ ಕಂಬದ ನಂಬರ್ ಯಾರ ಹತ್ರ ಇದೆ?