ಅಪ್‌ಡೇಟ್: ಸೋಫಾ ಹರಿಯುತ್ತಿದ್ದ ನಮ್ಮ ಬೀಗಲ್ ನಾಯಿ
10 ದಿನದ ಹಿಂದೆ ಕೇಳಿದ್ದೆನಲ್ಲ, ಪುಣೆಯ ಕೋಥ್ರೂಡಿನಲ್ಲಿ ನಾವು ಆಫೀಸಿಗೆ ಹೊರಟ ತಕ್ಷಣ ನಮ್ಮ ಬೀಗಲ್ ಚಪ್ಪಲಿ, ಸೋಫಾ ಎಲ್ಲಾ ಹರಿದು ಹಾಕುತ್ತಾನೆ ಅಂತ. ಈಗ ಪರವಾಗಿಲ್ಲ.

ಕಚ್ಚದಿರಲಿ ಅಂತ ಹೊಡೆದ ಕಹಿ ಸ್ಪ್ರೇ ದಂಡ, ಅದನ್ನೂ ನೆಕ್ಕಿ ಮುಗಿಸಿದ! ಸಂಜೆ ಬಂದು ಬೈದದ್ದೂ ಅಷ್ಟೇ. ಬೆಳಿಗ್ಗೆ ಮಾಡಿದ್ದಕ್ಕೆ ಈ ಬೈಗುಳ ಅಂತ ನಾಯಿಗೆ ತಿಳಿಯುವುದೇ ಇಲ್ಲ.

ಕೆಲಸ ಮಾಡಿದ್ದು ‘ಸುಮ್ನೆ ಮೂಸಲು ಬಿಡಿ’ ಅಂದವರ ಸಲಹೆ. ಬೆಳಿಗ್ಗೆ ಹತ್ತಿರದ ಗುಡ್ಡ ವೇತಾಳ ಟೇಕಡಿಗೆ ಕರೆದುಕೊಂಡು ಹೋಗಿ, ಉದ್ದ ಹಗ್ಗ ಕಟ್ಟಿ, 40 ನಿಮಿಷ ಅವನು ಎಳೆದ ಕಡೆ ಹೋಗುತ್ತೇನೆ. ಮೊದಲು ಇದಕ್ಕಿಂತ ಜಾಸ್ತಿ ಓಡಿಸುತ್ತಿದ್ದೆ, ಆದರೂ ದಣಿಯುತ್ತಿರಲಿಲ್ಲ, ಮೊಲದ ವಾಸನೆ ಹಿಡಿಯಲೆಂದೇ ಬೆಳೆಸಿದ ತಳಿ ಅಲ್ವಾ, ಕೆಲಸ ಬೇಕಿದ್ದದ್ದು ಕಾಲಿಗಲ್ಲ, ಮೂಗಿಗೆ.

ನಿನ್ನೆ ಒಂದು ಕಾಲುಚೀಲ ಹೋಯಿತು. ನನ್ನದೇ ತಪ್ಪು, ಕೆಳಗೆ ಬಿಟ್ಟಿದ್ದೆ.