ಎರೆಮಣ್ಣಿನ ಹಿತ್ತಲಲ್ಲಿ ಬ್ಯಾಡ್ಮಿಂಟನ್ ಕೋರ್ಟ್: ಗುತ್ತಿಗೆದಾರರ ಲೆಕ್ಕ ಸರಿಯೇ?

ಹಿತ್ತಲವಾಸಿ:
ಹುಬ್ಬಳ್ಳಿ ಹೊರಗೆ, ನವಲಗುಂದ ರಸ್ತೆ ಕಡೆಯ ಬಡಾವಣೆ. ಮನೆ ಹಿಂದೆ 64 × 36 ಅಡಿ ಖಾಲಿ ಜಾಗ, ಉದ್ದ ಉತ್ತರ-ದಕ್ಷಿಣ. ಪೂರ್ತಿ ಎರೆಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗುತ್ತಿಗೆದಾರರ ಲೆಕ್ಕ ಹೀಗಿದೆ: ಮೇಲಿನ ಮಣ್ಣು ಕೆರೆದು 6 ಇಂಚು ಮರಳು, ಅದರ ಮೇಲೆ 4 ಇಂಚು ಕಾಂಕ್ರೀಟ್, ಪವರ್ ಟ್ರೋವೆಲ್ (ನುಣುಪು ಮಾಡುವ ಯಂತ್ರ) ಹೊಡೆದು ಎಪಾಕ್ಸಿ ಬಣ್ಣ. ಇಷ್ಟು ಸಾಕೇ? ಪ್ಲಾಸ್ಟಿಕ್ ಟೈಲ್ಸ್ ಹಾಕಿಸಿದರೆ ಬಿರುಕಿನ ಚಿಂತೆಯೇ ಇರಲ್ಲ ಅಂತಾರೆ, ನಿಜವೇ?

ಗರಸು-ಖಡಿ:
ಮರಳು ಬೇಡವೇ ಬೇಡ ಸರ್. ಮಳೆ ನೀರು ಮರಳಲ್ಲಿ ನಿಂತು ಕೆಳಗಿನ ಎರೆಮಣ್ಣಿಗೆ ನಿಧಾನವಾಗಿ ಇಳಿಯುತ್ತಲೇ ಇರುತ್ತೆ. ಮಣ್ಣು ಉಬ್ಬಿ ಸ್ಲ್ಯಾಬನ್ನು ಎತ್ತುತ್ತೆ, ಬೇಸಿಗೆಗೆ ಕುಗ್ಗಿ ಅಡಿಯಲ್ಲಿ ಪೊಳ್ಳು ಬಿಡುತ್ತೆ. ಅಂಚಿನ ಮಣ್ಣು ಬೇಗ ನೆನೆದು ಬೇಗ ಒಣಗುವುದರಿಂದ ಮೊದಲ ಬಿರುಕು ಸಾಮಾನ್ಯವಾಗಿ ಅಂಚಿನ ಪಕ್ಕದಲ್ಲೇ, ಉದ್ದಕ್ಕೆ ಕಾಣಿಸುತ್ತೆ.

ಎರಡೂ ತುದಿಗೆ 5 ಅಡಿ ಆಳದ ಗುಂಡಿ ತೆಗೆಸಿ ನೋಡಿ. 3 ಅಡಿಯೊಳಗೆ ಗರಸು (ಮೊರಂ, ಕಲ್ಲುಬೆರೆತ ಗಟ್ಟಿ ಮಣ್ಣು) ಸಿಕ್ಕರೆ ನಿಮ್ಮ ಪುಣ್ಯ, ಅಲ್ಲಿಯವರೆಗೆ ಎರೆ ಪೂರ್ತಿ ತೆಗೆಸಿ. ಸಿಗದಿದ್ದರೆ ಕನಿಷ್ಠ ಎರಡೂವರೆ ಅಡಿ ಅಗೆದು ಗರಸು ತುಂಬಿಸಬೇಕು. ಕೋರ್ಟ್ 44 × 20 ಅಡಿ, ಸುತ್ತ 4 ಅಡಿ ಬಿಟ್ಟರೆ ಸ್ಲ್ಯಾಬ್ 52 × 28. ಅಗೆತ ಇನ್ನೂ 2 ಅಡಿ ಆಚೆಗೆ, ಅಂದರೆ 56 × 32. ಕಂಪೌಂಡ್ ಗೋಡೆ ಹತ್ತಿರ ಒಂದೇ ಸಲ ಉದ್ದಕ್ಕೂ ತೋಡಬೇಡಿ, ತುಂಡು ತುಂಡಾಗಿ ಅಗೆದು ತುಂಬುತ್ತಾ ಹೋಗಿ.

2 ಅಡಿ ಗರಸು ದಮ್ಮಾಸು (ಒತ್ತಿ ಗಟ್ಟಿ) ಆದ ಮೇಲೆ ಸುಮಾರು 3,600 ಘನ ಅಡಿ. ಸಡಿಲ ಮಾಲು 45 ಬ್ರಾಸ್ (1 ಬ್ರಾಸ್ ಅಂದರೆ 100 ಘನ ಅಡಿ) ತರಿಸಬೇಕಾದೀತು. ಅದರ ಮೇಲೆ 6 ಇಂಚು ಖಡಿ (ಜಲ್ಲಿಕಲ್ಲು) ಮತ್ತು ಕ್ರಷರ್ ಪುಡಿಯ ಮಿಶ್ರಣ, 11–12 ಬ್ರಾಸ್. 6 ಇಂಚಿಗೊಂದು ಪದರ, ನೀರು ಚಿಮುಕಿಸಿ ರೋಲರ್. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಜೆಸಿಬಿ ಬಕೆಟ್ಟಿನಿಂದ ತಟ್ಟಿ "ಆತ್ರಿ" ಅಂದರೆ ಒಪ್ಪಬೇಡಿ, ಮೊದಲ ಮಳೆಗಾಲಕ್ಕೇ ಕೂರುತ್ತೆ.

ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ, 8 ಎಂಎಂ ಕಬ್ಬಿಣ ಎರಡೂ ದಿಕ್ಕಿಗೆ 8 ಇಂಚಿಗೊಂದು (ಲ್ಯಾಪ್ ಸೇರಿ 570 ಕೆಜಿ ಆಸುಪಾಸು), 4 ಇಂಚು ಎಂ-20 ದರ್ಜೆಯ ಕಾಂಕ್ರೀಟ್. ಲೆಕ್ಕಕ್ಕೆ 13.7 ಘನ ಮೀಟರ್, 14.5 ಹೇಳಿ. ಕಬ್ಬಿಣ ಕವರ್ ಬ್ಲಾಕ್ ಮೇಲೆ ಕೂತಿರಲಿ. ಹಾಳೆ ಮೇಲೆ ಮಲಗಿದರೆ ದುಡ್ಡು ದಂಡ.

ವಾಟ (ಇಳಿಜಾರು) ಒಂದೇ ಸಮತಲದಲ್ಲಿ, ಮನೆಯಿಂದ ಆಚೆಗೆ: 10 ಅಡಿಗೆ 1 ಇಂಚು, 28 ಅಡಿಗೆ ಹತ್ತಿರ ಹತ್ತಿರ 3 ಇಂಚು. ನಡುವೆ ಎತ್ತರ ಮಾಡಿ ಎರಡೂ ಕಡೆ ಇಳಿಸುವ ಅಭ್ಯಾಸ ಗೌಂಡಿಗಳಿಗಿದೆ, ತಡೆಯಿರಿ. ಮರುದಿನದೊಳಗೆ 1 ಇಂಚು ಆಳ ಕಟರಿನಿಂದ ಸೀಳು (ಜಾಯಿಂಟ್) ಹೊಡೆಸಿ: ಉದ್ದಕ್ಕೆ 4 ಭಾಗ, ಅಗಲಕ್ಕೆ 3. ಹೀಗೆ ಮಾಡಿದರೆ ಒಂದು ಜಾಯಿಂಟ್ ಸರಿಯಾಗಿ ನೆಟ್ ಕೆಳಗೆ ಬರುತ್ತೆ.

ತಗ್ಗಿನ ಕಡೆ ಸಿಮೆಂಟ್ ಗಟಾರ. ಇಂಗುಗುಂಡಿ ಸ್ಲ್ಯಾಬಿನಿಂದ ಕನಿಷ್ಠ 15 ಅಡಿ ದೂರ, ಅಂಚಿಗೆ ತಾಗಿ ಹೂವಿನ ಪಾತಿ ಬೇಡ. ಒಳಗೆ ಗರಸು ಹಾಕಿ ಪಕ್ಕದಲ್ಲೇ ದಿನಾ ನೀರು ಬಿಟ್ಟರೆ ಏನು ಪ್ರಯೋಜನ? ನವೆಂಬರಿನಲ್ಲಿ ಅಗೆತ ಶುರು ಮಾಡಿ. ಬಿರಿದ ಬೇಸಿಗೆ ಮಣ್ಣಿನ ಮೇಲೆ ಕಟ್ಟಿದ್ದು ಮಳೆಗಾಲಕ್ಕೆ ಪೂರ್ತಿ ಉಬ್ಬನ್ನು ತಡೆದುಕೊಳ್ಳಬೇಕಾಗುತ್ತೆ.

ಮೂರು ಕೋಟ್:
ಮೇಲ್ಮೈ ಬಗ್ಗೆ. ಎಪಾಕ್ಸಿ ಒಳಾಂಗಣದ ಮಾಲು. ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತೆ, ಒದ್ದೆಯಾದರೆ ಕಾಲು ಜಾರುತ್ತೆ. ಹೊರಗಡೆಗೆ ಅಕ್ರಿಲಿಕ್. ಪವರ್ ಟ್ರೋವೆಲ್‌ನಿಂದ ಕನ್ನಡಿ ಮಾಡಿದ ಕಾಂಕ್ರೀಟನ್ನು ಅಕ್ರಿಲಿಕ್ ಹಿಡಿಯುವುದಿಲ್ಲ, ಪೊರಕೆ ಎಳೆದ ಹದವಾದ ಒರಟು ಬೇಕು. ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಿದರೂ ಬಣ್ಣ ಸಿಪ್ಪೆ ಏಳುತ್ತೆ. ಒದ್ದೆ ಗೋಣಿತಾಟು ಹೊದಿಸಿ 14 ದಿನ ನೀರು ಹಾಕಿ.

28 ದಿನ ಆದ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಗೆ ಹನಿ ಇದ್ದರೆ ಇನ್ನೂ ಕಾಯಬೇಕು. ಆಮೇಲೆ ಕೋರ್ಟಿಗೆ ನೀರು ಬಿಟ್ಟು, ಹರಿದು ಹೋದ ಒಂದು ಗಂಟೆಯ ಬಳಿಕ ನೋಡಿ: ನಾಣ್ಯದ ದಪ್ಪಕ್ಕಿಂತ ಹೆಚ್ಚು ನೀರು ನಿಂತ ತಗ್ಗನ್ನೆಲ್ಲ ಪ್ಯಾಚ್ ಮಾಡಿಸಿ. ಬಣ್ಣ ತಗ್ಗು ತುಂಬುವುದಿಲ್ಲ. ಬಳಿಕ ಪ್ರೈಮರ್, ಸಿಲಿಕಾ ಮರಳು ಬೆರೆತ ರಿಸರ್ಫೇಸರ್ (ಮೇಲ್ಮೈ ಸಮ ಮಾಡುವ ಲೇಪ), ಎರಡು ಕೋಟ್ ಬಣ್ಣ. ಬಣ್ಣದಲ್ಲೂ ಮರಳು ಇರಲಿ.

ಟೈಲ್ಸ್ ಕೂದಲೆಳೆ ಬಿರುಕನ್ನು ಮುಚ್ಚುತ್ತೆ ಅಷ್ಟೇ. ಸ್ಲ್ಯಾಬ್ ಅರ್ಧ ಇಂಚು ಎದ್ದರೆ ಟೈಲೂ ಏಳುತ್ತೆ, ಹೆಜ್ಜೆಗೆ ಟಕ್ ಟಕ್ ಅನ್ನುತ್ತೆ. ಹಾಕುವುದಾದರೆ ಅಂಟಿಸಬೇಡಿ, ಸುತ್ತ 2 ಇಂಚು ಬಿಡಿ. ಪಾಲಿಪ್ರೊಪಿಲೀನ್ ಬಿಸಿಲಿಗೆ ಹಿಗ್ಗಿ ಗೋಡೆಗೋ ಕಂಬಕ್ಕೋ ತಾಗಿದರೆ ನಡುವೆ ಉಬ್ಬಿ ಏಳುತ್ತೆ.

ಹಿತ್ತಲವಾಸಿ:
ಧನ್ಯವಾದ. ಹಾಗಾದರೆ ಮರಳು, ಎಪಾಕ್ಸಿ ಎರಡೂ ರದ್ದು. ನೆಟ್ ಕಂಬ ಮತ್ತು ಗೆರೆ?

ಶಾರ್ಟ್ ಸರ್ವಿಸ್:
ಕಂಬಕ್ಕೆ ಜಿಐ ಪೈಪಿನ ಸ್ಲೀವ್ (ಕಂಬ ಇಳಿಸುವ ಕೊಳವೆ), 2 ಅಡಿ ಆಳ, ಸ್ಲ್ಯಾಬಿಗಿಂತ ಮೊದಲು ಪ್ರತ್ಯೇಕ ಕಾಂಕ್ರೀಟ್ ಕಟ್ಟೆಯಲ್ಲಿ ಕೂರಿಸಿ, ಬಾಯಿಗೆ ಮುಚ್ಚಳ. ಆಮೇಲೆ ಕೊರೆದರೆ ಅಲ್ಲಿಂದಲೇ ಬಿರುಕು ಶುರು.

ಗೆರೆ 40 ಎಂಎಂ. ಹೊರ ಅಳತೆ 13.40 × 6.10 ಮೀಟರ್, ಗೆರೆಯ ದಪ್ಪವೂ ಅದರೊಳಗೇ. ಕರ್ಣ ಎರಡೂ 14.723 ಬಂದರೆ ಮೂಲೆಮಟ್ಟ ಸರಿ. ನೆಟ್ ಕಂಬದಲ್ಲಿ 1.55, ನಡುವೆ 1.524 ಮೀಟರ್. ಲೈಟ್ ಕಂಬ ಪಕ್ಕದ ಗೆರೆಗಳಾಚೆಗೇ ಬರಲಿ, ಬೇಸ್‌ಲೈನ್ ಹಿಂದೆ ಹಾಕಿದರೆ ಎದುರಿನವರಿಗೆ ಶಟಲ್ ಕಾಣುವುದಿಲ್ಲ.

ಇನ್ನೊಂದು ಮಾತು, ಯಾರೂ ಹೇಳಲಿಲ್ಲ: ಬಯಲಿನಲ್ಲಿ ಗಾಳಿ. ಮುಂಗಾರಿನ ತಿಂಗಳಲ್ಲಿ ಗರಿಯ ಶಟಲ್ ಇರಲಿ, ನೈಲಾನ್ ಕೂಡ ಗೆರೆಯೊಳಗೆ ಬೀಳುವುದು ಕಷ್ಟ. ಪಶ್ಚಿಮಕ್ಕೆ ಹಸಿರು ನೆಟ್ ಕಟ್ಟಿದರೆ ಸ್ವಲ್ಪ ತಗ್ಗುತ್ತೆ. ಪಿಕಲ್‌ಬಾಲ್ (ಹಲಗೆ ಬ್ಯಾಟು, ಪ್ಲಾಸ್ಟಿಕ್ ಚೆಂಡಿನ ಆಟ) ಕೋರ್ಟೂ ಇದೇ 44 × 20 ಅಡಿ, ಚೆಂಡಿಗೆ ಗಾಳಿಯ ಕಾಟ ಶಟಲ್‌ಗಿಂತ ಕಡಿಮೆ. ಅದರ ಕಂಬಗಳ ನಡುವೆ 22 ಅಡಿ ಬೇಕಾದ್ದರಿಂದ ಈಗಲೇ ಬ್ಯಾಡ್ಮಿಂಟನ್ ಸ್ಲೀವಿನಿಂದ 1 ಅಡಿ ಹೊರಗೆ ಇನ್ನೊಂದು ಜೋಡಿ ಹೂತುಬಿಡಿ. ಪಿಕಲ್‌ಬಾಲ್‌ನ ಕಿಚನ್ ಗೆರೆ (ನೆಟ್ ಪಕ್ಕದ ನಿರ್ಬಂಧಿತ ಜಾಗದ ಅಂಚು) ನೆಟ್‌ನಿಂದ 7 ಅಡಿ, ಬ್ಯಾಡ್ಮಿಂಟನ್ ಶಾರ್ಟ್ ಸರ್ವಿಸ್ ಗೆರೆ ಆರೂವರೆ. ನಡುವೆ ಬರೀ ಅರ್ಧ ಅಡಿ ಅಂತರ, ಆದ್ದರಿಂದ ಒಂದು ಬಿಳಿ, ಇನ್ನೊಂದು ಹಳದಿ.